ನೀರುಗಂಟಿಯ ಕೆಲಸ

ನಾನು ಚೆನ್ನೈಗೆ ಕೆಲಸಕ್ಕೆ ಸೇರಿದ್ದು 2006ರಲ್ಲಿ. ಆ ವರ್ಷ ದೀಪಾವಳಿಗೆ ಊರಿಗೆ ಹೋದಾಗ ತಾತ ಕೇಳಿದರು: “ಅಲ್ಲಿ ನೀನು ಏನು ಮಾಡ್ತೀಯಪ್ಪಾ?” ಕಂಪನಿಯ ಹೆಸರು ಹೇಳಿದೆ, ಸಂಬಳ ಹೇಳಿದೆ. “ಅದಲ್ಲ, ಬೆಳಿಗ್ಗೆ ಹೋಗಿ ಕೂತ ಮೇಲೆ ಏನು ಮಾಡ್ತೀಯ?” ಎಂದು ಮತ್ತೆ ಕೇಳಿದರು. ನನಗೆ ಉತ್ತರ ತಿಳಿಯಲಿಲ್ಲ.

ಕೋಲಾರ ಜಿಲ್ಲೆಯ ಬೇತಮಂಗಲದ ಹತ್ತಿರದ ನಮ್ಮ ಹಳ್ಳಿಯಲ್ಲಿ ತಾತ ನೀರುಗಂಟಿಯಾಗಿದ್ದವರು. ಕೆರೆಯ ತೂಬು ತೆಗೆಯುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು, ಮಳೆಗಾಲದ ರಾತ್ರಿಗಳಲ್ಲಿ ಲಾಂದ್ರ ಹಿಡಿದು ಏರಿಯ ಮೇಲೆ ನಡೆದು ಎಲ್ಲಿಯಾದರೂ ನೀರು ಜಿನುಗುತ್ತಿದೆಯೇ, ಇಲಿ ಏಡಿಗಳು ಬಿಲ ತೋಡಿವೆಯೇ ಎಂದು ನೋಡುವುದು ಅವರ ಕೆಲಸ. ಸುಗ್ಗಿಯಲ್ಲಿ ಕಣದಿಂದ ಒಂದು ಪಾಲು ಕಾಳು ಅವರಿಗೆ ಬರುತ್ತಿತ್ತು. ಅವರು ಚೆನ್ನಾಗಿ ಕೆಲಸ ಮಾಡಿದ ವರ್ಷ ಊರಿನಲ್ಲಿ ಏನೂ ಆಗುತ್ತಿರಲಿಲ್ಲ. ಏರಿ ಒಡೆಯುತ್ತಿರಲಿಲ್ಲ, ನೀರಿಗಾಗಿ ಜಗಳವಾಗುತ್ತಿರಲಿಲ್ಲ. ಏನೂ ಆಗದಿದ್ದುದಕ್ಕೆ ಅವರನ್ನು ಯಾರೂ ಹೊಗಳಿದ್ದೂ ಇಲ್ಲ.

ತಾತನ ಪ್ರಶ್ನೆಗೆ ಉತ್ತರ ಹೊಳೆಯಲು ನನಗೆ ನಾಲ್ಕೈದು ವರ್ಷ ಬೇಕಾಯಿತು. ಸಾಫ್ಟ್‌ವೇರ್ ಎಂಜಿನಿಯರ್ ಎಂದರೆ ಹೊಸದೇನನ್ನೋ ಕಟ್ಟುವವನು ಎಂದು ಹೊರಗಿನವರು ತಿಳಿದಿರುತ್ತಾರೆ. ಸೇರುವ ಮೊದಲು ನಾನೂ ಹಾಗೆಯೇ ತಿಳಿದಿದ್ದೆ. ದೊಡ್ಡ ಕಂಪನಿಯಲ್ಲಿ ನಮ್ಮಂಥ ಬಹುಪಾಲು ಜನರ ಕೆಲಸ ಬರೆಯುವುದಲ್ಲ, ಓದುವುದು. ನನ್ನ ಪಾಲಿಗೆ ಬಂದದ್ದು ಅಮೆರಿಕದ ಪೂರ್ವ ಕರಾವಳಿಯ ಒಂದು ಬ್ಯಾಂಕಿನ ಬಡ್ಡಿ ಲೆಕ್ಕದ ಕೋಬಾಲ್ ಪ್ರೋಗ್ರಾಮುಗಳು. ಅವುಗಳಲ್ಲಿ ಕೆಲವು ನನ್ನಷ್ಟೇ ವಯಸ್ಸಿನವು. ಒಂದು ಕಡೆ, ಯಾರೋ ಎಂದೋ ಬರೆದಿಟ್ಟ ಟಿಪ್ಪಣಿಯಿತ್ತು: ಈ ಸಾಲನ್ನು ತೆಗೆಯಬೇಡಿ, ತಿಂಗಳ ಕೊನೆಯಲ್ಲಿ ಲೆಕ್ಕ ತಪ್ಪುತ್ತದೆ. ಏಕೆ ತಪ್ಪುತ್ತದೆ ಎಂದು ಬರೆದಿರಲಿಲ್ಲ. ಬರೆದವರು ಯಾರೆಂದು ಬಲ್ಲವರೂ ಉಳಿದಿರಲಿಲ್ಲ. ಹದಿಮೂರು ವರ್ಷ ಆ ಸಾಲನ್ನು ನಾನು ಕಾಯ್ದೆ, ತೆಗೆಯಲಿಲ್ಲ. ಬ್ಯಾಂಕು ಮುಚ್ಚಿದ ಮೇಲೆ ದಿನದ ಲೆಕ್ಕವೆಲ್ಲ ಒಂದರ ಹಿಂದೊಂದು ಓಡಬೇಕು, ಅಲ್ಲಿ ಬೆಳಗಾಗಿ ಬಾಗಿಲು ತೆರೆಯುವುದರೊಳಗೆ ಮುಗಿಯಬೇಕು. ಮುಗಿದರೆ ಏನೂ ಆಗುವುದಿಲ್ಲ. ಆ ‘ಏನೂ ಆಗದಿರುವುದೇ’ ನಮ್ಮ ದುಡಿಮೆಯ ಫಲ. “ತಾತಾ, ನಾನೂ ನೀರುಗಂಟಿಯೇ” ಎಂದು ಹೇಳಬೇಕೆಂದುಕೊಳ್ಳುವ ಹೊತ್ತಿಗೆ ತಾತ ತೀರಿಕೊಂಡಿದ್ದರು.

ಚೆನ್ನೈನಲ್ಲಿ ನಾನು ಮೊದಲು ಎಡವಿದ ಪದ ‘ಏರಿ’. ನಮಗೆ ಏರಿ ಎಂದರೆ ಕೆರೆಯ ಕಟ್ಟೆ, ತಮಿಳರಿಗೆ ಕೆರೆಯೇ ಏರಿ. ಆ ನಗರ ಒಂದು ಕಾಲಕ್ಕೆ ಏರಿಗಳ ನಾಡಾಗಿತ್ತು. ತರಮಣಿಯಲ್ಲಿ 2000ದಲ್ಲಿ ಟೈಡಲ್ ಪಾರ್ಕ್ ತೆರೆದ ಮೇಲೆ ಮಹಾಬಲಿಪುರದ ಹಳೆಯ ರಸ್ತೆಯುದ್ದಕ್ಕೂ ಗಾಜಿನ ಕಟ್ಟಡಗಳು ಎದ್ದವು. ರಸ್ತೆಯ ಪೂರ್ವಕ್ಕೆ ಬಕಿಂಗ್‌ಹ್ಯಾಮ್ ಕಾಲುವೆ, ಪಶ್ಚಿಮಕ್ಕೆ ಪಳ್ಳಿಕರಣೈ ಜೌಗು. ನೀರು ನಿಲ್ಲುವ ಜಾಗದಲ್ಲಿ ನಾವು ಕಂಪ್ಯೂಟರುಗಳ ಮುಂದೆ ಕುಳಿತಿದ್ದೆವು. ನೀರುಗಂಟಿಯ ಮೊಮ್ಮಗನಾದ ನನಗೂ ಅದು ಹೊಳೆಯಲಿಲ್ಲ.

2015ರ ಡಿಸೆಂಬರ್ 1, ಮಂಗಳವಾರ. ಬೆಳಗಿನಿಂದ ಮಳೆ ಹಿಡಿದಿತ್ತು. ನವೆಂಬರ್ ತಿಂಗಳ ಲೆಕ್ಕ ಮುಗಿಯಬೇಕಾಗಿದ್ದ ದಿನವೂ ಅದೇ. ಮಧ್ಯಾಹ್ನ ಮೂರರ ಹೊತ್ತಿಗೆ ಲೆಕ್ಕ ನಡುವೆ ನಿಂತುಹೋಯಿತು. ನಮ್ಮ ಸಂಜೆ ಏಳೂವರೆಗೆ ಅಲ್ಲಿ ಬೆಳಿಗ್ಗೆ ಒಂಬತ್ತು, ಅಷ್ಟರೊಳಗೆ ಸರಿಯಾಗಬೇಕು. ಆ ಭಾಗವನ್ನು ಚೆನ್ನಾಗಿ ಬಲ್ಲವನು ನಮ್ಮ ತಂಡದ ಒಬ್ಬ ಹುಡುಗ. ಅವನ ಮನೆ ತಾಂಬರಂ ಆಚೆಯ ಮುಡಿಚೂರಿನಲ್ಲಿ, ನೆಲಮಹಡಿ. “ಅಣ್ಣಾ, ಅಮ್ಮ ಒಬ್ಬರೇ ಇದ್ದಾರೆ. ಬೀದಿಗೆ ನೀರು ಬಂದಿದೆಯಂತೆ. ಈಗ ಹೊರಡಲಾ?” ಎಂದು ಕೇಳಿದ. ತಂಡದ ಹೊಣೆ ನನ್ನದಾಗಿತ್ತು. “ಇದೊಂದು ಮುಗಿಸಿ ಹೋಗಪ್ಪಾ” ಎಂದೆ.

ಏಳು ಗಂಟೆ ಹತ್ತು ನಿಮಿಷಕ್ಕೆ ಲೆಕ್ಕ ಮುಗಿಯಿತು. ಬ್ಯಾಂಕು ಎಂದಿನಂತೆ ತೆರೆಯಿತು. ಅಷ್ಟರಲ್ಲಿ ನಮ್ಮ ಮುಂದಿನ ರಸ್ತೆ ಹೊಳೆಯಾಗಿತ್ತು, ಮೊಬೈಲುಗಳು ಸತ್ತಿದ್ದವು. ಒಂದು ದಿನದಲ್ಲಿ ತಾಂಬರಂನಲ್ಲಿ ಸುರಿದದ್ದು 49 ಸೆಂಟಿಮೀಟರ್ ಎಂದು ಆಮೇಲೆ ತಿಳಿಯಿತು. 1878ರಲ್ಲಿ ಶುರುವಾದ ‘ದಿ ಹಿಂದೂ’ ಪತ್ರಿಕೆ ಕೂಡ ಮರುದಿನ ಚೆನ್ನೈನಲ್ಲಿ ಅಚ್ಚಾಗಲಿಲ್ಲ. ಮುದ್ರಣಾಲಯಕ್ಕೆ ಕೆಲಸಗಾರರು ತಲುಪಲಾಗಲಿಲ್ಲ. ನಮ್ಮ ಲೆಕ್ಕ ಮಾತ್ರ ಒಂದು ಸೆಂಟೂ ತಪ್ಪದೆ ಮುಗಿದಿತ್ತು. ಕಡಲಾಚೆಯಿಂದ ಒಂದು ಸಾಲಿನ ಮೆಚ್ಚುಗೆಯ ಮೇಲ್ ಬಂತು. ಆ ಹುಡುಗ ಎರಡು ರಾತ್ರಿ ಆಫೀಸಿನ ನೆಲದ ಮೇಲೆ ಮಲಗಿದ. ಮಲಗಿದ ಎನ್ನುವುದು ಮಾತಿಗೆ; ಕೈಯಲ್ಲಿ ಫೋನ್ ಹಿಡಿದು ಗೋಡೆಗೊರಗಿ ಕುಳಿತಿದ್ದ.

ಮೂರನೆಯ ದಿನ ಅವನು ಮನೆ ತಲುಪಿದ. ಎದೆಮಟ್ಟದ ನೀರಿನಲ್ಲಿ ಪಕ್ಕದ ಮನೆಯವರು ಅವನ ತಾಯಿಯನ್ನು ಮಹಡಿಗೆ ಒಯ್ದಿದ್ದರು. ಜೀವ ಉಳಿದಿತ್ತು. ತೀರಿಹೋದ ತಂದೆಯ ಫೋಟೋಗಳು, ತಾಯಿಯ ಹೊಲಿಗೆ ಯಂತ್ರ, ಅವನ ಪದವಿಪತ್ರಗಳು ಹೋಗಿದ್ದವು. ಹತ್ತು ದಿನ ಬಿಟ್ಟು ನಾನು ನೋಡಲು ಹೋದೆ. ಗೋಡೆಯ ಮೇಲೆ ನೀರಿನ ಗೆರೆ ನನ್ನ ಭುಜದವರೆಗಿತ್ತು. ಆ ತಾಯಿ ಕಾಫಿ ಕೊಟ್ಟು, “ಅವತ್ತು ಆಫೀಸಿನಲ್ಲಿ ತುಂಬ ಕೆಲಸವಿತ್ತಂತೆ, ಅಲ್ಲವಾ ತಂಬಿ?” ಎಂದು ತಮಿಳಿನಲ್ಲಿ ಕೇಳಿದರು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಸಹಿಸಬಹುದಾಗಿತ್ತು. ಮಗ ತಲೆ ತಗ್ಗಿಸಿ ಲೋಟ ನೋಡುತ್ತಿದ್ದ. ನಾನು “ಹೌದಮ್ಮಾ” ಎಂದೆ. ‘ನಾನೇ ನಿಲ್ಲಿಸಿಕೊಂಡೆ’ ಎಂಬ ಮಾತು ಬಾಯಿಗೆ ಬರಲಿಲ್ಲ.

ಬಸ್ಸಿನಲ್ಲಿ ಮರಳುವಾಗ ತಾತನ ಮನೆ ನೆನಪಾಯಿತು. ಅದು ಕೆರೆಯ ಕೆಳಗೇ ಇತ್ತು. ಏರಿ ಒಡೆದರೆ ಮೊದಲು ಕೊಚ್ಚಿಹೋಗುತ್ತಿದ್ದುದು ಅವರದೇ ಹಟ್ಟಿ. ಅವರು ಕಾಯುತ್ತಿದ್ದ ನೀರಿಗೂ ಅವರ ಮನೆಯವರ ಉಸಿರಿಗೂ ನಡುವೆ ಅಂತರವಿರಲಿಲ್ಲ. ನಾನು ಕಾಯುವ ಕೆರೆ ಹನ್ನೆರಡು ಸಾವಿರ ಕಿಲೋಮೀಟರಿಗೂ ಆಚೆ ಇತ್ತು. ನಿಷ್ಠೆಯೇನೋ ತಾತನದೇ ಇರಬಹುದು, ಆದರೆ ಯಾವ ಏರಿಯ ಮೇಲೆ ನಿಂತಿದ್ದೇನೆಂದು ಆ ಮಧ್ಯಾಹ್ನ ನಾನು ನೋಡಿಕೊಂಡಿರಲಿಲ್ಲ.

2018ರಲ್ಲಿ ಅಂಥದೇ ಒಂದು ತಿಂಗಳ ಕೊನೆಯಲ್ಲಿ ಲೆಕ್ಕ ಮತ್ತೆ ನಿಂತಿತು. ಅದನ್ನು ಬಲ್ಲ ಹುಡುಗಿಯ ಮಗುವಿಗೆ ಜ್ವರ. ಕೇಳುವ ಮೊದಲೇ ಅವಳನ್ನು ಕಳಿಸಿದೆ. ನಾನೇ ತಡಕಾಡುತ್ತ ಕುಳಿತೆ. ಎರಡು ಗಂಟೆ ತಡವಾಯಿತು. ಬ್ಯಾಂಕಿನಿಂದ ಫೋನ್ ಬಂತು, ಮೂರು ಸಾಲಿನ ವಿವರಣೆ ಬರೆದುಕೊಟ್ಟೆ. ಅಷ್ಟೇ. ಮತ್ತೇನೂ ಆಗಲಿಲ್ಲ.

2015ರಲ್ಲಿಯೂ ಅಷ್ಟೇ ಆಗುತ್ತಿತ್ತು.