ಬಿಡುವ ವಿದ್ಯೆ

ಪುತ್ತೂರು, ಸುಳ್ಯ, ಕಡಬಗಳ ಸೀಮೆಯಲ್ಲಿ ಗರಡಿಯೆಂದೊಡನೆ ಜನಮನದಲ್ಲಿ ಮೂಡುವುದು ಕೋಟಿ-ಚೆನ್ನಯರ ಆರಾಧನಾಸ್ಥಾನ. ಪಾಡ್ದನಗಳು ಹೇಳುವಂತೆ ಪಡುಮಲೆಯಲ್ಲಿ ಬೆಳೆದು ಎಣ್ಮೂರಿನಲ್ಲಿ ಮಡಿದ ಆ ಅವಳಿ ವೀರರ ಗುಡಿಗೂ, ಘಟ್ಟದ ಮೇಲೆ ಮಲ್ಲರು ಸೆಣಸುವ ಮಣ್ಣಿನ ಅಂಕಣಕ್ಕೂ ಹೆಸರೊಂದೇ. ಬಲವನ್ನು ಬೆಳೆಸುವ ಎಡೆಯೂ ತಲೆಬಾಗುವ ಎಡೆಯೂ ಒಂದೇ ಶಬ್ದದಲ್ಲಿ ಅಡಗಿರುವುದು ವಿಚಾರಾರ್ಹವಾದುದು.

ಕನ್ನಡ ನಾಡಿನ ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿದರೆ ‘ಚಿತ್’, ಅಲ್ಲಿಗೆ ಜಯ. ಗೆಲವಿಗೆ ನೋವಿನ ಕೂಗು ಬೇಕಿಲ್ಲ. ಜಪಾನಿನ ಜೂಡೊದಲ್ಲಾದರೋ ಕೀಲನ್ನು ತಿರುಚುವ ಪಟ್ಟುಗಳುಂಟು. ನೋವು ತಾಳಲಾರದವನು ಕೈಯಿಂದ ತಟ್ಟಿ ಸೋಲೊಪ್ಪಿದರೆ, ಹಿಡಿದವನು ಆ ಕ್ಷಣವೇ ಬಿಡತಕ್ಕದ್ದು.

1951ರ ಅಕ್ಟೋಬರ್ 23ರಂದು ಬ್ರೆಜಿಲಿನ ರಿಯೊ ನಗರದಲ್ಲಿ ಜೂಡೊಪಟು ಮಸಾಹಿಕೊ ಕಿಮುರಾ ತನ್ನ ಎದುರಾಳಿ ಎಲಿಯೊ ಗ್ರೇಸಿಯ ತೋಳನ್ನು ಬೆನ್ನ ಹಿಂದಕ್ಕೆ ತಿರುಚಿ ಹಿಡಿದನು. ಭುಜ, ಮೊಣಕೈಗಳ ಕೀಲುಗಳ ಮೇಲೆ ಭಾರವೆಲ್ಲ ಬಿದ್ದರೂ ಎಲಿಯೊ ತಟ್ಟಲಿಲ್ಲ. ಕಡೆಗೆ ಅವನ ಅಣ್ಣ ಕಾರ್ಲೋಸನೇ ಪಂದ್ಯವನ್ನು ನಿಲ್ಲಿಸಬೇಕಾಯಿತು. ಆ ಪಟ್ಟಿಗೆ ಇಂದಿಗೂ ‘ಕಿಮುರಾ’ ಎಂದೇ ಹೆಸರು. ಲೋಕವು ಗೆದ್ದವನ ಬಲವನ್ನೂ, ಸೋತವನ ಛಲವನ್ನೂ ಕೊಂಡಾಡುತ್ತದೆ. ತಮ್ಮನ ಸೋಲನ್ನು ತಾನೇ ಒಪ್ಪಿಕೊಂಡ ಅಣ್ಣನ ವಿವೇಕವು ಅವೆರಡಕ್ಕೂ ಕಿರಿದಲ್ಲ.

ಛಲವಂತನಾದ ಶಿಷ್ಯನು ಎಷ್ಟು ನೊಂದರೂ ಸಾಕೆನ್ನನು. ಸಾಕೆಂದರೆ ಮಾನ ಹೋಯಿತೆಂದು ಬಗೆಯುವನು. ಗರಡಿಯಲ್ಲಾಗಲಿ ಪಾಠಶಾಲೆಯಲ್ಲಾಗಲಿ, ಅವನ ಮುಖದ ನೋವನ್ನು ಓದಿ ಅವನ ಪರವಾಗಿ ಸಾಕೆನ್ನುವ ಹೊಣೆ ಗುರುವಿನದು. ಪಟ್ಟು ಹಾಕಲು ಕಲಿಸಿದಲ್ಲಿಗೆ ಗುರುವಿನ ಕೆಲಸ ಮುಗಿಯುವುದಿಲ್ಲ. ಅದನ್ನು ಬಿಡಿಸುವ ಹೊತ್ತನ್ನೂ ಅವನು ಅರಿತಿರಬೇಕು.