ಟೆಹರಾನಿನ ಚಿನಾರ್ ರಸ್ತೆ

ಇರಾನಿನ ರಾಜಧಾನಿ ಟೆಹರಾನನ್ನು ದಕ್ಷಿಣೋತ್ತರವಾಗಿ ಸೀಳಿಕೊಂಡು ಸಾಗುವ ರಸ್ತೆ ವಲಿ ಅಸ್ರ್. ದಕ್ಷಿಣದ ರೈಲು ನಿಲ್ದಾಣದಿಂದ ಏರುತ್ತಾ ಹೋಗಿ ಅಲ್ಬೋರ್ಝ್ ಪರ್ವತದ ತಪ್ಪಲಿನ ತಜ್ರೀಶ್ ಚೌಕವನ್ನು ಮುಟ್ಟುವ ಇದರ ಉದ್ದ ಸುಮಾರು 18 ಕಿ.ಮೀ.

ಇದರ ಹೆಸರುಗಳಲ್ಲೇ ದೇಶದ ಚರಿತ್ರೆಯಿದೆ. ರಝಾ ಶಾಹ್ ಕಾಲದಲ್ಲಿ ನಿರ್ಮಾಣವಾದ ಈ ರಸ್ತೆಗೆ ಆತನ ರಾಜವಂಶದ 'ಪಹ್ಲವಿ' ಎಂಬ ಹೆಸರಿತ್ತು. 1979ರ ಕ್ರಾಂತಿಯ ಬಳಿಕ ಮುಸದ್ದಿಕ್ ಹೆಸರು ಬಂತು. ತೈಲೋದ್ಯಮವನ್ನು ರಾಷ್ಟ್ರೀಕರಿಸಿ, 1953ರಲ್ಲಿ ಪದಚ್ಯುತರಾದ ಪ್ರಧಾನಿ ಅವರು. ಆ ಹೆಸರೂ ಹೆಚ್ಚು ಕಾಲ ಉಳಿಯಲಿಲ್ಲ. ಈಗಿನ ಹೆಸರು ಶಿಯಾ ಮುಸ್ಲಿಮರು ನಿರೀಕ್ಷಿಸುವ ಇಮಾಮ್ ಮಹ್ದಿಯವರ ಬಿರುದು; 'ಯುಗದ ಪಾಲಕ' ಎಂದರ್ಥ.

ದಕ್ಷಿಣದಲ್ಲಿ ದುಡಿಯುವವರ ಬಡಾವಣೆಗಳು, ಉತ್ತರದಲ್ಲಿ ಸಿರಿವಂತರ ಮನೆಗಳು. ನಡುವೆ 1972ರಲ್ಲಿ ತೆರೆದ ವೃತ್ತಾಕಾರದ ನಗರ ರಂಗಮಂದಿರ, ಮುಂದೆ ವಿಶಾಲವಾದ ಮಿಲ್ಲತ್ ಉದ್ಯಾನ, ತುದಿಯಲ್ಲಿ ತಜ್ರೀಶ್‌ನ ಹಳೆಯ ಬಝಾರ್ ಮತ್ತು ಅದರ ಪಕ್ಕದಲ್ಲೇ ಇಮಾಮ್‌ಝಾದೆ ಸಾಲಿಹ್ ದರ್ಗಾ.

ಹೆಸರು ಬದಲಾದಾಗಲೂ ಬದಲಾಗದೆ ನಿಂತದ್ದು ಇಕ್ಕೆಲಗಳ ಚಿನಾರ್ ಮರಗಳು. ಕಾಶ್ಮೀರದಲ್ಲಿರುವುದೂ ಇದೇ ಮರ. 'ಜೂಬ್' ಎಂಬ ತೆರೆದ ಕಾಲುವೆಗಳಲ್ಲಿ ಹರಿದು ಬರುವ ಬೆಟ್ಟದ ನೀರು ಇವುಗಳ ಬೇರಿಗೆ ಇಳಿಯುತ್ತಿತ್ತು. ಕಾಲುವೆಗಳಿಗೆ ಕಾಂಕ್ರೀಟ್ ಹಾಕಿದ ಮೇಲೆ ನೀರು ಹರಿದರೂ ಬೇರಿಗೆ ದಕ್ಕದಾಯಿತು. ಇದರೊಂದಿಗೆ ವಾಹನಗಳ ಹೊಗೆ, ಕಟ್ಟಡ ಕಾಮಗಾರಿಗಳೂ ಸೇರಿ ಸಾವಿರಾರು ಮರಗಳು ನಾಶವಾದವು. ಸತ್ತ ಮರಗಳ ಜಾಗದಲ್ಲಿ ಸಸಿ ನೆಟ್ಟದ್ದೂ ಉಂಟು.

ಆದರೆ ರಸ್ತೆಯ ಹೆಸರನ್ನು ಒಂದೇ ದಿನದಲ್ಲಿ ಬದಲಿಸಬಹುದು. ಚಿನಾರ್ ಸಸಿಯೊಂದು ದಾರಿಹೋಕರಿಗೆ ನೆರಳಾಗಲು ದಶಕಗಳೇ ಬೇಕು.