ಎರಡೂರಿನ ಹುಳಿ

ಬೆಂಗಳೂರಿನಿಂದ ಗುಂತಕಲ್ಲಿನ ಕಡೆಗೆ ಹೋಗುವ ರೈಲಿನಲ್ಲಿ ಗೌರಿಬಿದನೂರು ದಾಟಿದ ಮೇಲೆ ಊರುಗಳ ಫಲಕಗಳಲ್ಲಿ ತೆಲುಗು ಕಾಣತೊಡಗುತ್ತದೆ. ಆದರೆ ಹೊಲ, ಬಂಡೆ, ಹುಣಸೆಯ ಮರ ಯಾವುದೂ ಬದಲಾಗುವುದಿಲ್ಲ. ನನ್ನ ಅಕ್ಕನನ್ನು ಕೊಟ್ಟಿರುವುದು ಹಿಂದೂಪುರಕ್ಕೆ. ಸೋದರತ್ತೆಯ ಮನೆ ಕಲ್ಯಾಣದುರ್ಗದಲ್ಲಿ. ಕಳೆದ ಮಾಘಮಾಸದಲ್ಲಿ ಎರಡೂ ಮನೆಗಳಲ್ಲಿ ತಂಗಿ ಬಂದೆ. ಎರಡು ಕಡೆಯೂ ಮಧ್ಯಾಹ್ನದ ಊಟಕ್ಕೆ ತರಕಾರಿ ಹುಳಿಯೇ. ಆ ಹುಳಿಯ ವಿಚಾರವನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಹುಣಸೆಹಣ್ಣು, ಒಣಮೆಣಸಿನಕಾಯಿ, ಬೆಲ್ಲಗಳ ವ್ಯಾಪಾರಕ್ಕೆ ಹಿಂದೂಪುರ ಹೆಸರಾದ ಊರು. ಹುಳಿಗೆ ಬೇಕಾದ ಹುಳಿ, ಖಾರ, ಸಿಹಿ ಮೂರೂ ಅಲ್ಲಿನ ಮಾರುಕಟ್ಟೆಯಲ್ಲೇ ದೊರೆಯುತ್ತವೆ. ಅಕ್ಕ ಒಂದು ಪಾವು ತೊಗರಿಬೇಳೆಗೆ ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ ಹಾಕಿ ಬೇಯಲಿಡುತ್ತಾಳೆ. ಕಡಲೆಬೇಳೆ, ಉದ್ದಿನಬೇಳೆ, ಕೊತ್ತಂಬರಿಬೀಜ, ನಾಲ್ಕು ಕಾಳು ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿಗಳನ್ನು ಹುರಿದು, ಕೊಬ್ಬರಿಯೊಡನೆ ರುಬ್ಬುತ್ತಾಳೆ. ಬದನೆ, ನುಗ್ಗೆ ಬೆಂದ ಮೇಲೆಯೇ ನಿಂಬೆಗಾತ್ರದ ಹುಣಸೆಯ ರಸ, ಉಪ್ಪು, ಚೂರು ಬೆಲ್ಲ. ಹುಣಸೆ ಮೊದಲೇ ಸೇರಿದರೆ ಬೇಳೆ ಎಷ್ಟು ಕುದಿದರೂ ಕರಗದೆಂಬುದು ನಮ್ಮ ಹಿರಿಯ ಹೆಂಗಸರೆಲ್ಲರೂ ಬಲ್ಲ ಮಾತು. ಕೊನೆಗೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ.

ಎಲೆಯ ಮುಂದೆ ಕುಳಿತ ಅಕ್ಕನ ಮೊಮ್ಮಗ, "ಅವ್ವಾ, ಪಪ್ಪುಚಾರು ವೆಯ್ಯಿ" ಎಂದ. ಅಕ್ಕ ಸೌಟನ್ನು ಹಾಗೆಯೇ ಹಿಡಿದು, "ಹುಳಿ ಅನ್ನು, ಬಡಿಸ್ತೀನಿ" ಎಂದಳು. ಹುಡುಗ ನಕ್ಕು, ತಟ್ಟೆಯನ್ನಷ್ಟೇ ಮುಂದಕ್ಕೆ ಸರಿಸಿದ. ಅಕ್ಕ ಬಡಿಸಿದಳು; ಆದರೆ ಆಮೇಲೆ ನನ್ನೊಡನೆ, "ಶಾಲೆಯಲ್ಲಿ ಕನ್ನಡವಿಲ್ಲ, ಬೀದಿಯಲ್ಲಿಲ್ಲ. ಉಳಿದಿರುವುದು ಈ ಒಲೆಯ ಮುಂದೆ ಮಾತ್ರ" ಎಂದಳು. ನನಗೆ ಉತ್ತರ ತೋಚಲಿಲ್ಲ.

ಮರುದಿನ ಮಡಕಶಿರಾ ದಾರಿಯಾಗಿ ಪಾವಗಡಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗಕ್ಕೆ ಹೊರಟೆ. ಆಂಧ್ರದಿಂದ ಹೊರಟು, ಕರ್ನಾಟಕವನ್ನು ಹಾದು, ಮರಳಿ ಆಂಧ್ರವನ್ನು ಸೇರುವ ವಿಚಿತ್ರ ಪಯಣವಿದು. ಈ ಗೆರೆ 1953ರಲ್ಲಿ ಆಂಧ್ರ ರಾಜ್ಯವಾದಾಗ ಹುಟ್ಟಿದ್ದಲ್ಲ. ಪಾವಗಡ ಮೈಸೂರು ಸಂಸ್ಥಾನಕ್ಕೂ ಸುತ್ತಲ ಸೀಮೆ ಮದರಾಸು ಪ್ರಾಂತಕ್ಕೂ ಸೇರಿದ್ದ ಕಾಲದಿಂದಲೂ ಇದ್ದದ್ದೇ. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಹೀಗೆ ಅಕ್ಕನಿಗೂ ಅತ್ತೆಗೂ ನಡುವೆ ಇನ್ನೊಂದು ಗೆರೆ ಬಿತ್ತು.

ಕಲ್ಯಾಣದುರ್ಗದ್ದು ಮಳೆ ಕಡಿಮೆಯ, ಶೇಂಗಾ ಬೆಳೆವ ನೆಲ. ಅತ್ತೆಯ ಚಿಂತೆ ಹೆಸರಿನದಲ್ಲ, ನೀರಿನದು. ಕೊಳವೆಬಾವಿಯ ಗಡಸು ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ಅದರಲ್ಲಿ ಬೇಳೆ ಬೇಗ ಬೇಯದು. ಅದಕ್ಕೆಂದೇ ಒಂದು ಕೊಡ ಸಿಹಿನೀರನ್ನು ಬೇರೆಯಾಗಿ ಮುಚ್ಚಿಟ್ಟಿರುತ್ತಾರೆ. "ಸ್ನಾನಕ್ಕೆ ಯಾವ ನೀರಾದರೂ ಆದೀತು ಕಣೇ, ಬೇಳೆಗೆ ಆಗದು" ಎನ್ನುತ್ತ ಬೇಳೆಯನ್ನು ನೆನೆಹಾಕಿದರು. ತರಕಾರಿ ಗೋರಿಕಾಯಿ, ಕೊಬ್ಬರಿಯ ಬದಲು ಹುರಿದ ಶೇಂಗಾಪುಡಿ. ರುಚಿ ಬೇರೆ, ಹದ ಬೇರೆ. ಆದರೂ ಹುಳಿ ಹುಳಿಯೇ.

ಅಕ್ಕನ ಮಾತನ್ನು ಅತ್ತೆಗೆ ಹೇಳಿದೆ. ಹಳಗನ್ನಡದ 'ಪ'ಕಾರ ಮುಂದೆ 'ಹ'ಕಾರವಾಯಿತು. ಅಂದಿನ 'ಪುಳಿ'ಯೇ ಇಂದಿನ 'ಹುಳಿ'. ತೆಲುಗರ 'ಪುಲುಸು' ಅದರ ದಾಯಾದಿ. ನಮ್ಮ ಹಿತಕಿದ ಬೇಳೆಯನ್ನು ಅವರು 'ಪಿತಿಕಿ ಪಪ್ಪು' ಎನ್ನುವುದೂ ಹೀಗೆಯೇ. ನನ್ನ ಪಾಂಡಿತ್ಯವನ್ನು ಅತ್ತೆ ತಾಳ್ಮೆಯಿಂದ ಕೇಳಿಸಿಕೊಂಡರು.

ಅಷ್ಟರಲ್ಲಿ ಪಕ್ಕದ ಮನೆಯ ತೆಲುಗು ಹುಡುಗಿ ಬಟ್ಟಲು ಹಿಡಿದು ಬಂದು, "ಅತ್ತಾ, ಅಮ್ಮ ಹುಳಿ ತೆಮ್ಮಂದಿ" ಎಂದಳು. ಅವರ ಮನೆಯ ಸಾರು ಪಪ್ಪುಚಾರು. ಅತ್ತೆಯ ಮನೆಯದಕ್ಕೆ ಮಾತ್ರ ಅವರ ಬಾಯಲ್ಲೂ 'ಹುಳಿ' ಎಂದೇ ಹೆಸರು. ಅತ್ತೆ ಬಟ್ಟಲು ತುಂಬ ಹುಯ್ದು, "ನಿನ್ನ ಅಕ್ಕನಿಗೆ ಹೇಳು, ಪಕ್ಕದ ಮನೆಗೂ ಒಂದು ಬಟ್ಟಲು ಕಳಿಸಲಿ" ಎಂದರು.